ಸೂಜಿಗೆ ಮುಂಚಿನ ಸಕ್ಕರೆ

ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಗಿನ ಎಂಟು ಗಂಟೆ. ಸರ್ಕಸ್ಸಿನ ತಾತ ಮೊಮ್ಮಗಳು ಸಾಸಿವೆಯನ್ನು ಆಸ್ಪತ್ರೆಯ ಮಂಚದ ಮೇಲೆ ಕೂರಿಸಿದ. ಅವಳಿಗೆ ಹದಿಮೂರು ತುಂಬಿದ್ದರೂ ನೋಡಿದವರು ಏಳು ವರ್ಷ ಎನ್ನುತ್ತಿದ್ದರು. ಆಳಿನ ಭುಜದ ಮೇಲೆ ಆಳು ನಿಲ್ಲುವ ಆಟದಲ್ಲಿ ತುತ್ತತುದಿ ಅವಳದು. ಆ ಆಟದಿಂದಲೇ ಮನೆಮಂದಿಗೆಲ್ಲ ಡೇರೆಯಲ್ಲಿ ಜಾಗ. ಅವಳು ಬೆಳೆದರೆ ಆಟವಿಲ್ಲ. ಬೆಳೆಯದಿದ್ದರೆ ಅವಳಿಗೆ ಬಾಳಿಲ್ಲ ಎಂದು ಈ ಊರಲ್ಲಿದ್ದ ಅವಳ ಅತ್ತೆ ಹಟ ಹಿಡಿದಿದ್ದಳು. ತಾತನ ಮನಸ್ಸು ಯಾವ ಕಡೆಗೂ ವಾಲಲಿಲ್ಲ, ಮರಗಟ್ಟಿಹೋಗಿತ್ತು.

ನರ್ಸಮ್ಮ ಕೈಗೆ ಸೂಜಿ ಕೂರಿಸುತ್ತ ಹೇಳಿದಳು: "ಮಿದುಳಿಂದ ಅಪ್ಪಣೆ ಬಂದ್ರೆ ಕೆಳಗಿರೋ ಗ್ರಂಥಿ ಬೆಳೆಯೋ ಹಾರ್ಮೋನು ಬಿಡತ್ತೆ, ತಾತ. ಇವಳಿಗೆ ಅಪ್ಪಣೆನೇ ಬರ್ತಿಲ್ವೋ, ಗ್ರಂಥಿನೇ ಕೆಟ್ಟಿದ್ಯೋ ಗೊತ್ತಾಗ್ಬೇಕು. ಅದಕ್ಕೇ ಲ್ಯಾಬಲ್ಲಿ ಮಾಡಿದ ಅಪ್ಪಣೆನ ಚುಚ್ತೀವಿ. ಆಮೇಲೆ ಆಗಾಗ ರಕ್ತ ತೆಗೆದು ನೋಡ್ತೀವಿ."

"ಅಂದ್ರೆ ನಮ್ಮ ಆಟದ ಥರ ಸೀಟಿ ನೀವು ಊದ್ತೀರಿ. ಹತ್ತೋದು ಬಿಡೋದು ಅದರಿಷ್ಟ."

"ಹಂಗೇ ಅಂದ್ಕೊಳ್ಳಿ. ಹೊಟ್ಟೆ ಖಾಲಿ ತಾನೆ?"

"ತಾತನ ಮೀಸೆನೇ ತಿನ್ನೋಣ ಅನ್ಸ್ತಿದೆ," ಎಂದಳು ಸಾಸಿವೆ.

ನರ್ಸಮ್ಮ ಔಷಧಿ ತರಲು ಹೋದಳು. ಹುಡುಗಿ ತಾತನ ತೋಳು ಹಿಡಿದುಕೊಂಡಳು. ಭುಜ ಹತ್ತುವ ಮುಂಚೆ ಪ್ರತಿ ಸಲವೂ ಹಾಗೇ ಹಿಡಿಯುತ್ತಿದ್ದಳು. ಪ್ರತಿ ಸಲವೂ ತಾತ ಜೇಬಿನಿಂದ ಸಕ್ಕರೆ ಅಚ್ಚು ತೆಗೆದು ಬಾಯಿಗಿಡುತ್ತಿದ್ದ. ಇವತ್ತೂ ಇಟ್ಟ, ಒಂದರ ಹಿಂದೊಂದು. ಅವಳೂ ಸುಮ್ಮನೆ ಚೀಪಿದಳು. ಆಮೇಲೆ ಸೂಜಿಯಲ್ಲಿ ಔಷಧಿ ಒಳಹೋಯಿತು, ರಕ್ತ ಹೊರಬಂತು.

ಫಲಿತಾಂಶದ ದಿನ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. "ಗ್ರಂಥಿ ಓಗೊಟ್ಟೇ ಇಲ್ಲ. ಆದ್ರೆ ರಕ್ತದಲ್ಲಿ ಸಕ್ಕರೆ ಏರಿದೆ. ಸಕ್ಕರೆ ಏರಿದ್ರೆ ಚೆನ್ನಾಗಿರೋ ಗ್ರಂಥಿನೂ ಸುಮ್ನಿರಬಹುದು. ಏನಾದ್ರೂ ತಿನ್ಸಿದ್ರಾ?"

ಇಲ್ಲ ಎಂದರೆ ಮುಗಿಯಿತು. ಗ್ರಂಥಿ ಕೆಟ್ಟಿದೆ, ಅಪ್ಪಣೆ ಚುಚ್ಚಿ ಉಪಯೋಗವಿಲ್ಲ ಎಂದು ಬರೆದುಕೊಳ್ಳುತ್ತಾರೆ, ಇವರು ಡೇರೆಗೆ ಮರಳುತ್ತಾರೆ. ಅಂದು ಸಕ್ಕರೆ ಕೊಟ್ಟದ್ದು ಕೈಯ ಅಭ್ಯಾಸವೋ, ಅವಳು ಬೆಳೆಯದಿರಲೆಂಬ ತನ್ನ ಆಸೆಯೋ, ತಾತನಿಗೆ ತಿಳಿಯಲಿಲ್ಲ. ಸಾಸಿವೆ ಅವನನ್ನೇ ನೋಡುತ್ತಿದ್ದಳು. ತಾತ ಜೇಬಿಗೆ ಕೈಹಾಕಿ ಉಳಿದ ಅಚ್ಚುಗಳನ್ನು ಮೇಜಿನ ಮೇಲಿಟ್ಟ.

"ಇನ್ನೊಂದ್ಸಲ ಸೀಟಿ ಊದಿ, ತಾಯಿ."

ಇನ್ನೊಂದು ಸಲ ಚುಚ್ಚಿದರು. ಈ ಸಲ ಗ್ರಂಥಿ ಓಗೊಟ್ಟಿತು. ಗ್ರಂಥಿ ನೆಟ್ಟಗಿದೆ, ಅಪ್ಪಣೆ ಮಾತ್ರ ಇಲ್ಲ, ದಿನಾ ಆ ಅಪ್ಪಣೆಯ ಇಂಜೆಕ್ಷನ್ ಕೊಟ್ಟರೆ ಬೆಳೆಯುತ್ತಾಳೆ ಎಂದರು. ತಾತ ತಲೆಯಾಡಿಸಿದ. ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ.

ಸರ್ಕಸ್ ಮಾಲೀಕ ಆ ಆಟವನ್ನು ಕೈಬಿಟ್ಟು ಮನೆಮಂದಿಯನ್ನು ಡೇರೆಯ ಗೂಟ ಹೊಡೆಯುವ ಕೆಲಸಕ್ಕೆ ಹಾಕಿದ. ಸಾಸಿವೆ ಅತ್ತೆಯ ಮನೆ ಸೇರಿದಳು. ಬಿಡಲು ಬಂದ ತಾತನಿಗೆ ಹೇಳಿದಳು:

"ಮುಂದಿನ ಸಲ ನೀನು ಬರೋಷ್ಟರಲ್ಲಿ ನಿನ್ನ ಮೀಸೆ ನಂಗೆ ಎಟುಕತ್ತೆ, ನೋಡ್ತಿರು."

"ಎಳೀಬೇಡ ಮತ್ತೆ."

ಸೋಮವಾರ ಬೆಳಿಗ್ಗೆ ಡೇರೆ ಹೇರಿದ ಲಾರಿಯಲ್ಲಿ ತಾತ ಹೊರಟುಹೋದ.