ಇಟ್ಕೋ ಅಂದ ಕಾರು

"ಅಲ್ಲಯ್ಯಾ, ಗೋಡೆಗೆ ಬಳಿಯೋ ರೋಲರ್‌ನಲ್ಲಿ ಕಾರಿಗೆ ಬಣ್ಣ ಹೊಡೀತಿದೀಯಲ್ಲ, ಆಮೇಲೆ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡ್ತೀಯೇನು?"

ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿ ಹೀಗೆ ಕೇಳಿದವರು ಪಕ್ಕದ ಮನೆಯ ಯಜಮಾನರು. ಬೀದಿಯವರು ಅವರಿಗೆ ಇಟ್ಟ ಹೆಸರು ರೇಡಿಯೋ. ಹಾಲು ತರಲು ಹೋದಾಗ ಅವರ ಕಿವಿಗೆ ಬಿದ್ದದ್ದು ಹಾಲು ಕಾಯುವುದರೊಳಗೆ ಬೀದಿಯ ಕೊನೆ ಮುಟ್ಟಿರುತ್ತಿತ್ತು.

ಟೈಲರ್ ತಲೆ ಎತ್ತಲಿಲ್ಲ. ಸ್ಪಂಜಿನ ಪುಟ್ಟ ರೋಲರನ್ನು ತಟ್ಟೆಯ ಅಂಚಿಗೆ ಒತ್ತಿ, ಹೆಚ್ಚಿನ ಬಣ್ಣ ಇಳಿಸಿ, ಬಾನೆಟ್ಟಿನ ಮೇಲೆ ಹಗುರಾಗಿ ಉರುಳಿಸಿದ. "ಆಡ್ಕೊಳ್ಳಿ ಯಜಮಾನ್ರೇ. ಹುಟ್ಟಿದಾಗಿಂದ ಕೋಟು ಹೊಲಿಯೋನು ನಾನು. ಒಂದು ಕೋಟು ಹೊಡೆಯೋಕೆ ಬರಲ್ವಾ?"

ನಿಜ ಹೇಳಬೇಕೆಂದರೆ ಆಡಿಕೊಳ್ಳುವವರ ತಪ್ಪೇನೂ ಇರಲಿಲ್ಲ. ಮೊದಲ ಕೋಟಿಗೆ ಕಾರು ಸುಣ್ಣ ಅರ್ಧಂಬರ್ಧ ಉದುರಿದ ಗೋಡೆಯ ಹಾಗೆ ಕಾಣುತ್ತಿತ್ತು. ಗ್ಯಾರೇಜಿನವನು ಹೇಳಿದ ರೇಟಿಗೆ ಹೌಹಾರಿ ಮನೆಗೆ ಬಂದ ಟೈಲರ್, ಫೋನಿನಲ್ಲಿ ಯಾರೋ ಮಾಡಿ ತೋರಿಸಿದ್ದನ್ನು ನೋಡಿ ನೋಡಿ ಕಲಿತ ವಿದ್ಯೆ ಇದು. ಎನಾಮೆಲ್ ಪೇಂಟಿಗೆ ಟರ್ಪೆಂಟೈನ್ ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಬೇಕು. ತೆಳ್ಳಗೆ ಬಳಿಯಬೇಕು, ಒಣಗಲು ಬಿಡಬೇಕು, ನೀರು ಹಾಕಿ ಮರಳುಕಾಗದದಲ್ಲಿ ಉಜ್ಜಬೇಕು, ಮತ್ತೆ ಬಳಿಯಬೇಕು. ಅವಸರ ಮಾಡಿದರೆ ಕೆಟ್ಟಿತು. ಧೂಳು ಕೂತರೆ ಇನ್ನೂ ಕೆಟ್ಟಿತು.

ಆ ಬೀದಿಯೋ, ಧೂಳಿನ ತವರುಮನೆ. ಡಾಂಬರು ಯಾವತ್ತೋ ಕಿತ್ತುಹೋಗಿತ್ತು. ಅದಕ್ಕೇ ಟೈಲರನ ಹೆಂಡತಿ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಶೆಡ್ಡಿನ ಸುತ್ತ ಪರದೆಯಂತೆ ಕಟ್ಟಿದ್ದಳು. ರೋಲರ್ ಹೊರಗೆ ಬರುವ ಮುಂಚೆ ಚೊಂಬಿನಲ್ಲಿ ನೀರು ತಂದು ಅಂಗಳಕ್ಕೆ, ಗೇಟಿಗೆ, ಗೇಟಿನಾಚೆಯ ರಸ್ತೆಗೂ ಚಿಮುಕಿಸಿ ಬರುತ್ತಿದ್ದಳು. ಬಣ್ಣ ಆರಿಸಿದವಳೂ ಅವಳೇ. ಗಂಡನ ದಾರದ ಡಬ್ಬಿ ಸುರುವಿ, ಕಡುನೀಲಿ ರೀಲೊಂದನ್ನು ಹೆಕ್ಕಿ, "ಇದು" ಅಂದಿದ್ದಳು. ಪೇಂಟ್ ಅಂಗಡಿಯವನು ಆ ರೀಲನ್ನು ಬೆಳಕಿಗೆ ಹಿಡಿದು ಬಣ್ಣ ಕಲೆಸುವಾಗ ನಕ್ಕಿದ್ದ.

ಕಾರು ಟೈಲರನ ಅಣ್ಣನದು. ಅಣ್ಣ ಕಂಟ್ರಾಕ್ಟರ್. ಹೊಸ ಕಾರು ಬಂದ ಮೇಲೆ ಹಳೆಯದು ಅವನ ಗೋದಾಮಿನ ಹಿಂದೆ ಬಿದ್ದುಕೊಂಡು, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಒಂದು ದಿನ ಟೈಲರ್ ಧೈರ್ಯ ಮಾಡಿ ಫೋನಿನಲ್ಲಿ ಕೇಳಿದ, "ಅಣ್ಣಾ, ಆ ಕಾರು ಏನ್ ಮಾಡ್ತೀಯ?" ಆ ಕಡೆ ಕಾಂಕ್ರೀಟ್ ಮಿಕ್ಸರ್ ಗಡಗಡ ಅನ್ನುತ್ತಿತ್ತು. "ನೀನೇ ಇಟ್ಕೋ..." ಅಂದದ್ದು ಕೇಳಿಸಿತು. ಇವನು ಕುಣಿದಾಡಿಬಿಟ್ಟ.

"ಇಟ್ಕೋ ಅಂದ್ರೋ, ಇಟ್ಕೊಂಡಿರು ಅಂದ್ರೋ? ಸರಿಯಾಗಿ ಕೇಳಿಸ್ಕೊಂಡ್ರಾ?" ಎಂದಳು ಹೆಂಡತಿ.

"ಎರಡೂ ಒಂದೇ ತಾನೆ?"

"ಒಂದೇ ಹೇಗಾಗುತ್ರೀ? ಇಟ್ಕೋ ಅಂದ್ರೆ ಕೊಟ್ಟ ಹಾಗೆ. ಇಟ್ಕೊಂಡಿರು ಅಂದ್ರೆ ಕಾಯೋಕೆ ಬಿಟ್ಟ ಹಾಗೆ."

"ನೀನೊಬ್ಳು, ಅಕ್ಷರಕ್ಕೂ ಸೂಜಿ ಚುಚ್ಚಿ ನೋಡೋಳು. ಅಣ್ಣ ಅಂಥವನಲ್ಲ ಕಣೇ."

ಅವಳಿಗೂ ಆಸೆ ಇತ್ತು. ಮದುವೆಯಾದಾಗಿನಿಂದ ಭಾವನ ಕಾರಿನಲ್ಲಿ ಎಲ್ಲಿಗೆ ಹೋದರೂ ಅವಳ ಜಾಗ ಹಿಂದೆ, ಚೀಲಗಳ ನಡುವೆ, ತೊಡೆಯ ಮೇಲೊಂದು ಬಕೆಟ್ಟು. ಒಂದು ಸಲವಾದರೂ ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಗಾಜಿಳಿಸಿ, ಮೊಣಕೈ ಆಚೆ ಇಡಬೇಕು ಅಂತ ಬಾಯಿಬಿಟ್ಟು ಹೇಳಿದ್ದಳು. ಗಂಡ ಕಾರನ್ನು ಮನೆಗೆ ತಂದು, ಎಂಜಿನ್ ರಿಪೇರಿ ಮಾಡಿಸಿ, ಸೀಟುಗಳಿಗೆ ಹೊಸ ಕವರು ಹೊಲಿದ. ಮುಂದಿನ ಎಡಗಡೆ ಸೀಟಿಗೆ ಮಾತ್ರ ಒಳಗೊಂದು ಪದರ ಸ್ಪಂಜು ಹೆಚ್ಚಿಗೆ ಕೊಟ್ಟ, ಅವಳ ಸೊಂಟನೋವಿಗೆ.

ಕೋಟಿನ ಮೇಲೆ ಕೋಟು ಬಿದ್ದ ಹಾಗೆ ಕಾರಿಗೆ ಕಳೆ ಬಂತು. ಕೊನೆಗೊಂದು ಬೆಳಿಗ್ಗೆ ರೇಡಿಯೋ ಯಜಮಾನರು ಪರದೆ ಸರಿಸಿ ನೋಡಿ, ಬಾಗಿಲಿನಲ್ಲಿ ತಮ್ಮದೇ ಮುಖ ಕಂಡು, ಮೀಸೆ ಸವರಿಕೊಂಡರು.

"ಲೋ ಟೈಲರಪ್ಪಾ! ಶೋರೂಮಿಂದ ಈಗ ಇಳಿಸಿದ ಹಾಗಿದೆಯಲ್ಲೋ! ಇದನ್ನ ನಾಕು ಜನಕ್ಕೆ ಹೇಳ್ಬೇಕು ಬಿಡು."

ನಾಕು ಜನಕ್ಕೆ ಹೇಳುವುದು ಅವರಿಗೆ ಯಾವ ಲೆಕ್ಕ. ಆ ನಾಕು ಜನರಲ್ಲಿ ಅಣ್ಣನ ಮೇಸ್ತ್ರಿಯೂ ಒಬ್ಬ.

ಕೊನೆಯ ಕೋಟು ಹಾಕಿ, ರೋಲರನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದ ಮಧ್ಯಾಹ್ನ ಅಣ್ಣನ ಹೊಸ ಕಾರು ಗೇಟಿನ ಮುಂದೆ ನಿಂತಿತು. ಅಣ್ಣ ಇಳಿದ, ಅತ್ತಿಗೆ ಇಳಿದರು, ಹಿಂದಿನಿಂದ ಅತ್ತಿಗೆಯ ತಮ್ಮನೂ ಇಳಿದ. ಅತ್ತಿಗೆ ಪರದೆಯೊಳಗೆ ಕಾಲಿಟ್ಟು ಕೆನ್ನೆಗೆ ಕೈ ಇಟ್ಟುಕೊಂಡರು.

"ಅಯ್ಯೋ, ನಮ್ಮ ಕಾರೇನ್ರೀ ಇದು? ಗುರುತೇ ಸಿಗಲ್ಲ! ನಮ್ಮನೆ ಗೇಟೂ ತುಕ್ಕು ಹಿಡಿದು ಕೂತಿದೆ ನೋಡಪ್ಪಾ, ಬಿಡುವಾದಾಗ ಅದಕ್ಕೂ ಹೀಗೇ ಹೊಡ್ಕೊಟ್ಬಿಡು."

ನಮ್ಮ ಕಾರು. ಟೈಲರ್ ಕೈಯಲ್ಲಿದ್ದ ರೋಲರನ್ನು ತಟ್ಟೆಗೆ ಇಳಿಸಿದ.

ಅಣ್ಣ ಹೆಗಲ ಮೇಲೆ ಕೈ ಹಾಕಿದ. "ಭೇಷ್ ಕಣೋ. ನಮ್ಮ ವಂಶದ ಕೈ ಅಂದ್ರೆ ಸುಮ್ನೆನಾ? ನೋಡು, ಇವಳ ತಮ್ಮನಿಗೆ ಹೊಸ ಕೆಲಸ ಸಿಕ್ಕಿದೆ, ಓಡಾಟ ಜಾಸ್ತಿ. ಗಾಡಿ ಇಲ್ದೆ ಒದ್ದಾಡ್ತಿದಾನೆ. ಮನೆ ವಸ್ತು ಮನೇಲೇ ಇದ್ದ ಹಾಗಾಯ್ತು."

ಟೈಲರನ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಮುಂದೆ ಬಂದಳು.

"ಭಾವಾ, ನೀವು ಇವರಿಗೆ ಇಟ್ಕೋ ಅಂದಿದ್ರಂತಲ್ಲ?"

"ಇಟ್ಕೋ ಅಂತ ಎಲ್ಲಮ್ಮಾ ಅಂದೆ? ಇಟ್ಕೊಂಡಿರು ಅಂದೆ. ಗೋದಾಮಲ್ಲಿ ಜಾಗ ಇರ್ಲಿಲ್ಲ." ಅಣ್ಣ ನಕ್ಕ. ಸುಳ್ಳು ಹೇಳುವವನ ನಗುವಲ್ಲ ಅದು. ಅದೇ ಟೈಲರನನ್ನು ಹೆಚ್ಚು ಚುಚ್ಚಿತು. ಮಿಕ್ಸರಿನ ಗಡಗಡದಲ್ಲಿ ಆ ಮಾತಿಗೆ ಬಾಲವೊಂದು ಇತ್ತೇನೋ. ಬೇಡದ ಬಟ್ಟೆ ಕತ್ತರಿಸಿ ಎಸೆದ ಹಾಗೆ ತಾನೇ ಅದನ್ನು ಕತ್ತರಿಸಿದ್ದನೇನೋ.

"ಇಷ್ಟು ದಿನ ಇವರ ಬೆನ್ನು ಮುರಿದಿದೆ ಭಾವಾ," ಅಂದಳು ಹೆಂಡತಿ.

"ಅದಕ್ಕೇ ಅಲ್ವಾ ಭೇಷ್ ಅಂದಿದ್ದು!" ಅಂದರು ಅತ್ತಿಗೆ. ಆಗಲೇ ಒಳಗೆ ಇಣುಕುತ್ತಿದ್ದರು. "ಸೀಟ್ ಕವರ್ ಬೇರೆ! ಏನು ಮೆತ್ತಗಿದೆ ಇದು! ನಾನು ಇದರಲ್ಲೇ ಬರ್ತೀನ್ರೀ. ಆ ಕಾರಲ್ಲಿ ಎಸಿ ಹಾಕಿದ್ರೆ ನನಗೆ ತಲೆನೋವು." ಹೇಳಿದವರೇ ಮುಂದಿನ ಎಡಗಡೆ ಸೀಟಿನಲ್ಲಿ ಕೂತು ಗಾಜಿಳಿಸಿದರು.

ಟೈಲರನ ಹೆಂಡತಿ ಬೇರೆ ಕಡೆ ನೋಡಿದಳು.

ಅತ್ತಿಗೆಯ ತಮ್ಮ ಕೀ ಕೇಳಿದ. ಟೈಲರ್ ಜೇಬಿನಿಂದ ತೆಗೆದುಕೊಟ್ಟ. ಕೀಗೆ ಕಟ್ಟಿದ್ದ ನೀಲಿ ದಾರದ ಕುಚ್ಚೂ ಅದರ ಜೊತೆಗೇ ಹೋಯಿತು.

ಅಣ್ಣ ತನ್ನ ಕಾರಿನ ಬಾಗಿಲು ತೆಗೆದವನು ಅಲ್ಲೇ ನಿಂತು ಕೂಗಿದ, "ಬಣ್ಣ ಒಣಗಿದೆಯೇನೋ?"

ಒಣಗಿರಲಿಲ್ಲ. ನಾಳೆ ಬೆಳಗಿನವರೆಗೆ ಅದು ನೊಣದ ಕಾಲನ್ನೂ ಹಿಡಿದುಕೊಳ್ಳುತ್ತಿತ್ತು. ಟೈಲರ್ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಕಿಟಕಿಯಾಚೆ ಚಾಚಿದ ಅತ್ತಿಗೆಯ ಮೊಣಕೈ ನೋಡಿದ.

"ಒಣಗಿದೆ ಅಣ್ಣಾ. ನೀನು ಮುಂದೆ ಹೋಗು, ಅವರು ಹಿಂದೆ ಬರ್ಲಿ."

ಹೆಂಡತಿಗೆ ಅದು ಅರ್ಥವಾಗಲಿಲ್ಲವೋ, ಅಥವಾ ಇಷ್ಟು ದಿನದ ಅಭ್ಯಾಸ ಕಾಲನ್ನು ಎಳೆಯಿತೋ, ಗೇಟಿನ ಬಳಿಯ ಬಕೆಟ್ಟಿನಿಂದ ಚೊಂಬು ತುಂಬಿಕೊಂಡು ರಸ್ತೆಗೆ ನೀರು ಚಿಮುಕಿಸಲು ಓಡಿದಳು. ಟೈಲರ್ ಅವಳ ಮಣಿಕಟ್ಟು ಹಿಡಿದುಕೊಂಡ. ಅಣ್ಣನ ಕಾರು ಹೊರಟಿತು. ಬೀದಿಯ ಧೂಳೆಲ್ಲ ಎದ್ದು ನಿಂತಿತು. ಅದರೊಳಕ್ಕೆ ಆ ನೀಲಿ ಕಾರು ನಿಧಾನವಾಗಿ ನುಗ್ಗಿತು.