ಎರಡನೇ ಬಾಣಂತನ

ಸತ್ತ ಮೇಕೆಗೆ ಹಾಲು ಜಾಸ್ತಿ ಅಂತಾರಲ್ಲ, ಥೆರೋನನ ವಿಷಯದಲ್ಲೂ ಹಾಗೇ ಆಯಿತು. ಹದಿನಾರು ವರ್ಷದ ಮೇಲೆ ಹುಟ್ಟಿದ ದ್ವೀಪದಲ್ಲಿ ದೋಣಿಯಿಂದಿಳಿದವನಿಗೆ ಮೊದಲು ಕಂಡದ್ದು ದಂಡೆಯ ದಿಬ್ಬದ ಮೇಲಿನ ತನ್ನದೇ ಗೋರಿ. ಅವತ್ತು ಬೆಳಿಗ್ಗೆ ಯಾರೋ ಹೊಯ್ದುಹೋದ ಹಾಲು-ಜೇನಿಗೆ ನೊಣ ಮುತ್ತಿತ್ತು. ಒಳಗೆ ಹೆಣವಿರಲಿಲ್ಲ. ಎಲ್ಲಿಂದ ಬರಬೇಕು, ಹೆಣ ಹೊರಗೆ ನಿಂತು ಕಲ್ಲಿನ ಮೇಲೆ ಕೆತ್ತಿದ ತನ್ನ ಹೆಸರು, ಗುರಾಣಿ ನೋಡುತ್ತಿತ್ತಲ್ಲ!

ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದವರು ಅವನ ಮೇಲಿನ ಹಾಡನ್ನೇ ಹೇಳಿಕೊಳ್ಳುತ್ತಿದ್ದರು. ಶತ್ರುಗಳು ಹಡಗಿಗೆ ಬೆಂಕಿ ಹಚ್ಚಲು ಬಂದಾಗ ಥೆರೋನ ಒಬ್ಬನೇ ದಡದಲ್ಲಿ ನಿಂತನಂತೆ, ಹನ್ನೊಂದು ಜನರನ್ನು ಕೆಡವಿದನಂತೆ, ಊರಿನ ಗಂಡಸರನ್ನೆಲ್ಲ ಉಳಿಸಿ ಪ್ರಾಣ ಬಿಟ್ಟನಂತೆ. ಹನ್ನೊಂದಂತೆ ಹನ್ನೊಂದು! ಅವತ್ತು ಅವನು ಸೊಂಟದ ಮಟ್ಟ ನೀರಿನಲ್ಲಿ ಹಡಗಿನ ಹಗ್ಗ ಹಿಡಿದು, ಎಳಕೊಳ್ರೋ ಅಂತ ಕೂಗುತ್ತಿದ್ದ. ಹಡಗಿನ ಮೇಲಿದ್ದ ತನ್ನೂರಿನವನೇ ಆದ ಅರ್ಕಿಯಾಸ ಒಮ್ಮೆ ಅವನ ಮುಖ ನೋಡಿ, ಕೊಡಲಿಯಿಂದ ಹಗ್ಗ ಕಡಿದ. ಆಮೇಲೆ ಹದಿನಾರು ವರ್ಷ ಥೆರೋನ ಸೆರೆಯಾಳಾಗಿ ಪರರ ಮನೆಯಲ್ಲಿ ಬೀಸುಕಲ್ಲು ತಿರುಗಿಸಿದ. ಅರ್ಕಿಯಾಸ ಊರಿಗೆ ಬಂದು ಯಜಮಾನನಾದ.

ಮನೆ ಬಾಗಿಲಲ್ಲಿ ತಾಯಿ ನಿಕಾಸೋ ಅವನ ನಡಿಗೆಯಲ್ಲೇ ಗುರುತು ಹಿಡಿದಳು. ಅಯ್ಯೋ ನನ್ನ ಕಂದಾ ಅಂದವಳು ಹೊಸ್ತಿಲು ಮಾತ್ರ ದಾಟಲಿಲ್ಲ, ಅವನಿಗೂ ದಾಟಗೊಡಲಿಲ್ಲ. ಕೈ ಅಡ್ಡ ಹಿಡಿದು ಅತ್ತಳು. ಉತ್ತರಕ್ರಿಯೆ ಮುಗಿದವನು ಒಲೆಯ ಬೆಂಕಿ ನೋಡುವಂತಿಲ್ಲ, ಗುಡಿ ಮೆಟ್ಟುವಂತಿಲ್ಲ. ಅವನಿಗಿರುವುದು ಒಂದೇ ದಾರಿ: ಹೆತ್ತವಳು ಮತ್ತೆ ಹೆರಬೇಕು. ಹೆಂಗಸರು ಮಗುವಿನ ಹಾಗೆ ಮೀಯಿಸಬೇಕು, ಉಣ್ಣೆಯ ಪಟ್ಟಿ ಸುತ್ತಬೇಕು, ತಾಯಿ ಮೊಲೆಗೆ ಹಾಕಿಕೊಳ್ಳಬೇಕು. ಹತ್ತನೇ ದಿನ ಅವಳು ಹೆಸರು ಕೂಗುವ ತನಕ ಅವನು ಒಂದು ಮಾತೂ ಆಡಕೂಡದು. ಆಡಿದನೋ, ಹೆಣ ಹೆಣವೇ.

ಥೆರೋನನಿಗೆ ನಗು ಬಂತು. ಹದಿನಾರು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಹತ್ತು ದಿನ ಯಾವ ಲೆಕ್ಕ? ಹೆಸರು ಕೈಗೆ ಬರಲಿ. ಊರವರೆಲ್ಲ ಸೇರಿದಾಗ ಹಗ್ಗದ ಕಥೆ ಹೇಳುತ್ತೇನೆ, ಅರ್ಕಿಯಾಸನ ಮುಖ ನೋಡುತ್ತೇನೆ. ಈ ಆಸೆಯೊಂದರಲ್ಲೇ ಅವನು ಕಡಲು ದಾಟಿ ಬಂದಿದ್ದ.

ಹೆಂಗಸರು ಅಂಗಳದಲ್ಲೇ ಮೀಯಿಸಿ, ಪಟ್ಟಿ ಸುತ್ತಿ, ಕೂಸಿನ ಹಾಗೆ ಎತ್ತಿ ಒಳಗೆ ತಂದರು. ಎಷ್ಟು ದೊಡ್ಡ ಕೂಸಪ್ಪಾ, ಹೆರಿಗೆ ಕಷ್ಟವಾಯ್ತೇನೇ ಅಂತ ಒಬ್ಬಳು ನಿಕಾಸೋಳನ್ನು ಕೆಣಕಿದಳು. ಮುದುಕಿ ತನ್ನ ಬತ್ತಿದ ಎದೆಗೆ ಅವನನ್ನು ಅವುಚಿಕೊಂಡಾಗ ಯಾರೂ ನಗಲಿಲ್ಲ. ಗಂಡು ಕೂಸೆಂದು ಬಾಗಿಲಿಗೆ ಆಲಿವ್ ಎಲೆಯ ಮಾಲೆ ಕಟ್ಟಿದರು. ಅವನ ಮಗಳು ಮಿರ್ಟೋ, ಅವನು ಯುದ್ಧಕ್ಕೆ ಹೋಗುವಾಗ ತೊಟ್ಟಿಲಲ್ಲಿದ್ದವಳು, ಬಾಗಿಲ ಮರೆಯಿಂದ ನೋಡಿ ಒಳಗೆ ಹೋದಳು. ಅವಳ ತಾಯಿ ಸತ್ತು ಆಗಲೇ ಬಹಳ ವರ್ಷವಾಗಿತ್ತು.

ಐದನೇ ದಿನ ಅರ್ಕಿಯಾಸ ಬಂದ. ತೋಳುಗಳನ್ನು ಮೈಗೆ ಸೇರಿಸಿ ಸುತ್ತಿಸಿಕೊಂಡು, ಕೊರಡಿನ ಹಾಗೆ ಬಿದ್ದಿದ್ದ ಥೆರೋನನನ್ನು ದಾಟಿಯೇ ಹೋಗಿ ಒಲೆಯ ಪಕ್ಕ ಕೂತ. ಕೊಟ್ಟ ಅಂಜೂರ ತಿಂದ, ಚೀಸು ಚೆನ್ನಾಗಿದೆಯೆಂದ. ಕೂಸಿಗೆ ಏನು ಕೇಳಿಸೀತು ಅನ್ನುವಂತೆ ಮಾತಿಗಿಳಿದ.

"ಅಮ್ಮಾ, ಮಿರ್ಟೋನ ನನ್ನ ಮಗನಿಗೆ ಯಾಕೆ ತರ್ತಿದೀನಿ? ಥೆರೋನನ ಮಗಳು ಅಂತ. ದಡದಲ್ಲಿ ಸತ್ತ ಥೆರೋನನ ಮಗಳು ಅಂತ. ಅವನು ಸಾಯಲಿಲ್ಲ ಅಂದ್ರೆ ಮದುವೆ ಎಲ್ಲಿಂದ ಬಂತು ಹೇಳಿ?"

ನಿಕಾಸೋ ಅವನ ಮುಂದೆ ಇನ್ನೊಂದು ಅಂಜೂರ ಇಟ್ಟಳು.

"ನಾವು ಹಡಗಲ್ಲಿ ನಲವತ್ತು ಜನ ಬಂದ್ವಿ. ನಲವತ್ತು ಮನೆ ಮಾನ ಅಮ್ಮಾ. ನಾನಾದ್ರೂ ಸುಮ್ಮನಿರ್ತೀನಿ, ಅವರೆಲ್ಲ ಇವನನ್ನ ಉಳಿಸ್ತಾರಾ?"

ಥೆರೋನನ ಬಾಯೊಳಗೆ ರಕ್ತದ ರುಚಿ ಬಂತು, ನಾಲಿಗೆ ಅಷ್ಟು ಕಚ್ಚಿಕೊಂಡಿದ್ದ. ಒಂದೇ ಒಂದು ಮಾತು, ಹಗ್ಗ ಕಡಿದವನು ನೀನಲ್ವೇನೋ ಅಂತ ಅಂದುಬಿಟ್ಟರೆ ಅರ್ಕಿಯಾಸನ ಗಂಟಲಲ್ಲಿ ಅಂಜೂರ ಸಿಕ್ಕಿಕೊಳ್ಳುತ್ತಿತ್ತು. ಆದರೆ ಬಾಯಿ ಬಿಟ್ಟರೆ ಹೆಸರು ಹೋಗುತ್ತದೆ. ಅವನು ತಾಯಿಯನ್ನೇ ನೋಡಿದ. ಅವಳು ಒಲೆ ಕೆದಕುತ್ತಿದ್ದಳು. ಹೆತ್ತ ಕರುಳು, ಬಿಟ್ಟುಕೊಟ್ಟೀತೇ ಅಂತ ಅವನು ಧೈರ್ಯ ತಂದುಕೊಂಡ. ಮಿಕ್ಕ ಐದು ದಿನ ಆ ಧೈರ್ಯದಲ್ಲೇ ಬಿದ್ದುಕೊಂಡಿದ್ದ.

ಹತ್ತನೇ ದಿನ ಅಂಗಳ ತುಂಬಿತು. ಪಟ್ಟಿ ಬಿಚ್ಚಿ ಅವನನ್ನು ನಿಲ್ಲಿಸಿದರು. ನಿಕಾಸೋ ಅವನ ತಲೆಯ ಮೇಲೆ ಕೈಯಿಟ್ಟು, ಊರಿಗೆಲ್ಲ ಕೇಳುವ ಹಾಗೆ ಹೆಸರು ಕೂಗಿದಳು.

"ನನ್ನ ಎರಡನೇ ಮಗ, ಫಿಲೀನ."

ಅವನು ಬಾಯಿ ತೆರೆದ. ಈಗ ಮಾತಾಡಬಹುದಿತ್ತು, ಶಾಸ್ತ್ರ ಮುಗಿದಿತ್ತು. ಆದರೆ ನಿನ್ನೆ ಮೊನ್ನೆ ಹುಟ್ಟಿದ ಫಿಲೀನ ಯಾವ ಯುದ್ಧ ಕಂಡಿದ್ದಾನೆ, ಯಾವ ಹಗ್ಗ ಹಿಡಿದಿದ್ದಾನೆ? ಅರ್ಕಿಯಾಸನೇ ಮುಂದೆ ಬಂದು, ದೊಡ್ಡವನಾಗಪ್ಪಾ ಅಂತ ಹರಸಿ, ಕೈಗೆ ರೊಟ್ಟಿ ಕೊಟ್ಟ. ಹಡಗಿನ ಆ ನಲವತ್ತು ಜನರಲ್ಲಿ ಬದುಕಿದ್ದವರೆಲ್ಲ ಜೋರಾಗಿ ಹೌದು ಹೌದು ಅಂದರು.

ಜನ ಚದುರಿದ ಮೇಲೆ ಅವನು ಕೇಳಿದ್ದು ಒಂದೇ ಮಾತು. "ಯಾಕವ್ವಾ?"

"ನೀನು ಸತ್ತೆ ಅಂತ ಹದಿನಾರು ವರ್ಷ ಅತ್ತೀನಿ ಮಗಾ. ಆ ಥೆರೋನ ನನ್ನನ್ನ ಸಾಕಿದಾನೆ, ನಿನ್ನ ಮಗಳನ್ನ ಸಾಕಿದಾನೆ. ಹಬ್ಬದಲ್ಲಿ ಮೊದಲ ತುಂಡು ನಮಗೇ ಕೊಡ್ತಾರೆ. ಅವನನ್ನ ಹೇಗೆ ಕೊಲ್ಲಲಿ?" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನೀನೂ ಬದುಕಬೇಕಲ್ಲ," ಅಂತ ಸೇರಿಸಿದಳು. ಮೊದಲು ಹೇಳಿದ್ದು ಯಾವುದು, ಆಮೇಲೆ ನೆನಪಾದದ್ದು ಯಾವುದು ಅನ್ನುವುದನ್ನು ಅವನು ಸಾಯುವ ತನಕ ಮರೆಯಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಮಿರ್ಟೋ ಹಾಲು-ಜೇನಿನ ಹೂಜಿ ಹಿಡಿದು ಗೋರಿಗೆ ಹೊರಟಳು. ಮನೆಯ ಗಂಡಸು ಜೊತೆಗಿರಬೇಕು, ಇವನೇ ಹೋದ. ಅವಳಿಗೆ ಎಲ್ಲ ಗೊತ್ತಿತ್ತು; ಹೋಗುವ ದಾರಿಯುದ್ದಕ್ಕೂ ಅವನ ಮುಖ ನೋಡಲಿಲ್ಲ. ದಿಬ್ಬದ ಮೇಲೆ ನಿಂತು ಹಾಡಿನ ಮೊದಲ ಸಾಲು ಹೇಳಿದಳು. ಅರ್ಧ ಹೊಯ್ದು, ಹೂಜಿಯನ್ನು ಅವನ ಕೈಗಿಟ್ಟಳು.

"ನೀವೂ ಹಾಕಿ, ಚಿಕ್ಕಪ್ಪಾ. ನಮ್ಮಪ್ಪನಿಗೆ ಜೇನು ಹಾಕಿದ ಹಾಲು ಅಂದ್ರೆ ಪ್ರಾಣವಂತೆ, ಅಜ್ಜಿ ಹೇಳ್ತಾರೆ."

ಚಿಕ್ಕಂದಿನಿಂದಲೂ ಅವನು ಹಾಲು ಕುಡಿದರೆ ಕಾರಿಕೊಳ್ಳುತ್ತಿದ್ದ. ಅದು ಅವನ ತಾಯಿಗೆ ಗೊತ್ತಿತ್ತು. ಫಿಲೀನ ಹೂಜಿ ಬಗ್ಗಿಸಿ, ಒಂದು ಹನಿಯೂ ಉಳಿಯದ ಹಾಗೆ ಅಣ್ಣನಿಗೆ ಹೊಯ್ದ.