ಬೇಕರಿಯಣ್ಣ ಮಾತ್ರೆ ಬಿಟ್ಟಾಗ

ಆ ಓಣಿಯಲ್ಲಿ ಎಲ್ಲರೂ ಅವನನ್ನು ಬೇಕರಿಯಣ್ಣ ಎಂದೇ ಕರೆಯುತ್ತಿದ್ದರು. ಮುಂದೆ ಗಾಜಿನ ಕಪಾಟು, ಹಿಂದೆ ಒಲೆಮನೆ, ಮಹಡಿಯಲ್ಲಿ ಎರಡು ಕೋಣೆಯ ಮನೆ. ಅವನಿಗೆ ಐವತ್ತೆರಡು ವರ್ಷ. ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಗಿತ್ತು.

ಇತ್ತೀಚೆಗೆ ಅವನಿಗೆ ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ. ಹಿಟ್ಟು ನಾದುವುದನ್ನು ಅರ್ಧಕ್ಕೆ ಬಿಟ್ಟು ನೀರು ಕುಡಿಯಲು ಹೋಗುತ್ತಿದ್ದ. ಕುಡಿದು ಬಂದ ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಓಡುತ್ತಿದ್ದ. ಮತ್ತೆ ಬಾಯಾರಿಕೆ. ಕೂತರೆ ಏಳಬೇಕು, ಎದ್ದರೆ ಸುಸ್ತು.

“ಏನ್ರೀ ಇದು, ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀರಾ? ಮಾತ್ರೆ ತಗೊಂಡ್ರಾ?” ಎಂದು ಹೆಂಡತಿ ಕೇಳಿದಳು.

“ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು,” ಎಂದ ಅವನು, ತಟ್ಟೆಗೆ ಎಣ್ಣೆ ಸವರುತ್ತ.

ಅವಳು ಅವನ ಕೈಯಿಂದ ತಟ್ಟೆ ಕಸಿದಳು. “ಯಾರನ್ನ ಕೇಳಿ ಬಿಟ್ರಿ?”

“ಯಾರನ್ನ ಕೇಳಬೇಕು? ಫೋನಿನ ವಿಡಿಯೋದಲ್ಲಿ ಒಬ್ಬರು ಚೆನ್ನಾಗಿ ಹೇಳ್ತಾರೆ. ಡಾಕ್ಟ್ರಿಗೆ ಮಾತ್ರೆ ಬರೆಯೋದು ಬಿಟ್ರೆ ಬೇರೇನೂ ಗೊತ್ತಿಲ್ಲವಂತೆ. ಬೆಳಿಗ್ಗೆ ಸೊಪ್ಪಿನ ರಸ ಕುಡಿದ್ರೆ ಸಾಕಂತೆ. ಕುಡೀತಿದ್ದೀನಲ್ಲ.”

ಅಷ್ಟರಲ್ಲಿ ಎದುರುಮನೆಯ ನರ್ಸಕ್ಕ ಬ್ರೆಡ್ ಕೊಳ್ಳಲು ಬಂದಳು. ಅವಳು ಊರಿನ ದೊಡ್ಡಾಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ವಿಭಾಗದಲ್ಲಿ ಕೆಲಸ ಮಾಡುವವಳು. ಹೆಂಡತಿ ತಡೆಯಲಾರದೆ ವಿಷಯ ಹೇಳಿಬಿಟ್ಟಳು.

“ಅಣ್ಣ, ಸೊಪ್ಪು ಒಳ್ಳೇದೇ. ಆದರೆ ಮಾತ್ರೆ ನೀವಾಗಿ ಬಿಡಬಾರದಿತ್ತು. ಇವತ್ತೇ ಬಂದು ರಕ್ತ ಪರೀಕ್ಷೆ ಮಾಡಿಸಿ,” ಎಂದಳು ನರ್ಸಕ್ಕ.

“ನೀನೂ ಡಾಕ್ಟ್ರ ಕಡೆಯವಳೇ ತಾನೆ. ನಾಲ್ಕು ವರ್ಷ ನಿಮ್ಮಾಸ್ಪತ್ರೆಗೇ ಹೋದೆನಮ್ಮ. ಡಾಕ್ಟರಮ್ಮ ತಲೆ ಎತ್ತಿ ನೋಡಿದ್ದುಂಟಾ? ಏನು ತಿಂತೀಯಾ, ಎಷ್ಟು ನಡೀತೀಯಾ ಅಂತ ಒಂದು ಮಾತು ಕೇಳಿದ್ದುಂಟಾ? ಚೀಟಿ ಹರಿದು ಕೊಟ್ರೆ ಮುಗೀತು.”

ನರ್ಸಕ್ಕ ಬ್ರೆಡ್ಡಿನ ದುಡ್ಡು ಎಣಿಸಿ ಕೊಟ್ಟಳು. ಅವನು ಹೇಳಿದ್ದರಲ್ಲಿ ನಿಜವಿತ್ತು. “ಇವತ್ತು ಬನ್ನಿ ಅಣ್ಣ,” ಎಂದಷ್ಟೇ ಮತ್ತೊಮ್ಮೆ ಹೇಳಿ ಹೋದಳು.

ಅವನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಒಲೆಯಿಂದ ತೆಗೆದ ಬನ್ನಿನ ತಟ್ಟೆ ಕೈಜಾರಿತು. ಅದರ ಅಂಚು ಅವನ ಎಡಗಾಲಿನ ಮೇಲೆ ಬಿತ್ತು. “ಥತ್, ಬನ್ನೆಲ್ಲಾ ನೆಲದ ಪಾಲಾಯ್ತು,” ಎಂದು ಗೊಣಗಿಕೊಂಡು ಅವನು ಬನ್ನು ಆರಿಸತೊಡಗಿದ. ಹೆಂಡತಿ ಹಿಟ್ಟಿನ ಚೀಲ ಇಳಿಸಲು ಬಂದವಳು ಅಲ್ಲೇ ನಿಂತಳು.

“ಕಾಲು ನೋಡ್ಕೊಳ್ರೀ.”

ಅವನು ನೋಡಿದ. ಕಿರುಬೆರಳಿನ ಪಕ್ಕ ಚರ್ಮ ಸುಲಿದು ಕೆಂಪಗಾಗಿತ್ತು, ಚಪ್ಪಲಿಯ ಪಟ್ಟಿ ಕರಗಿ ಅಂಟಿಕೊಂಡಿತ್ತು.

“ಉರೀತಿಲ್ವಾ?”

“ಇಲ್ಲ,” ಎಂದ. ಬೆರಳಿನಿಂದ ಒತ್ತಿ ನೋಡಿದ. “ಏನೂ ಗೊತ್ತಾಗ್ತಿಲ್ಲ ಕಣೇ.”

ಮೂವತ್ತು ವರ್ಷ ಒಲೆಯ ಮುಂದೆ ನಿಂತವನು. ಬಿಸಿಯೆಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ತನ್ನ ಪಾದವೇ ತನಗೆ ಸುಳ್ಳು ಹೇಳುತ್ತಿತ್ತು. ಅವನಿಗೆ ಭಯವಾಯಿತು. ಆದರೂ ಗಾಯಕ್ಕೆ ಮುಲಾಮು ಸವರಿ, ನೋವಿಲ್ಲವಲ್ಲ ಎಂದು ಹೆಂಡತಿಯ ಬಾಯಿ ಮುಚ್ಚಿಸಿ, ನಾಲ್ಕು ದಿನ ಹಾಗೇ ಕೆಲಸ ಮಾಡಿದ. ಆ ನಾಲ್ಕು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಗಿರಾಕಿಗೆ ಚಿಲ್ಲರೆ ಕೊಡುವಾಗಲೂ ಅವಳ ಕಣ್ಣು ಒಲೆಮನೆಯ ಕಡೆಗೇ. ಐದನೇ ದಿನ ಬೆರಳು ಕಪ್ಪಾಗಿ ವಾಸನೆ ಬಂತು. ಅವಳು ಅಂಗಡಿಯ ಬಾಗಿಲೆಳೆದು, ನರ್ಸಕ್ಕನನ್ನು ಕೂಗಿ, ಗಂಡನನ್ನು ಆಟೋ ಹತ್ತಿಸಿದಳು.

ಆಸ್ಪತ್ರೆಯಲ್ಲಿ ಕಿರುಬೆರಳನ್ನು ತೆಗೆಯಬೇಕಾಯಿತು. “ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದು ಪಾದದ ನರ ಜಡವಾಗಿದೆ, ಅದಕ್ಕೇ ಉರಿ ಗೊತ್ತಾಗಿಲ್ಲ. ಇನ್ನೆರಡು ದಿನ ತಡ ಮಾಡಿದ್ರೆ ಪಾದ ಉಳೀತಿತ್ತೋ ಇಲ್ಲವೋ,” ಎಂದರು ಶಸ್ತ್ರಚಿಕಿತ್ಸೆ ಮಾಡಿದವರು. ಹೆಂಡತಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದಳು. ಬೆಂಚು ಖಾಲಿಯಿತ್ತು. ಅವಳಿಗೆ ಕೂರಲಾಗಲಿಲ್ಲ.

ಮೂರನೇ ದಿನ ಡಾಕ್ಟರಮ್ಮ ಮಂಚದ ಬಳಿಗೆ ಬಂದರು. ನಾಲ್ಕು ವರ್ಷದಿಂದ ಚೀಟಿ ಬರೆದುಕೊಡುತ್ತಿದ್ದವರು ಅವರೇ. ಬೇಕರಿಯಣ್ಣ ತಡೆದಿಟ್ಟುಕೊಂಡಿದ್ದನ್ನೆಲ್ಲ ಹೇಳಿಬಿಟ್ಟ.

“ಡಾಕ್ಟ್ರೇ, ಒಂದು ದಿನಾನಾದ್ರೂ ನನ್ನ ಊಟದ ಬಗ್ಗೆ ಕೇಳಿದ್ರಾ ನೀವು?”

ಅವರು ಕಡತ ತೆರೆದು ಹಾಳೆ ತಿರುವಿದರು. “ಇಲ್ಲ. ಚಪ್ಪಲಿ ಬಿಚ್ಚಿಸಿ ಪಾದಾನೂ ನೋಡಿಲ್ಲ. ನೋಡಬೇಕಾಗಿತ್ತು. ಹೊರಗೆ ಅಷ್ಟು ಜನ ಕಾಯ್ತಿರ್ತಾರೆ, ಚೀಟಿ ಬರೆಯೋದು ಬೇಗ ಆಗುತ್ತೆ, ಕೂತು ಮಾತಾಡೋದಕ್ಕೆ ಹೊತ್ತು ಬೇಕು. ಕಾರಣ ಏನೇ ಇರಲಿ, ತಪ್ಪು ನನ್ನದೇ.” ಕಡತ ಮುಚ್ಚಿ ಕೇಳಿದರು, “ಮಾತ್ರೆ ಬಿಟ್ಟಿದ್ದನ್ನ ನೀವು ಯಾಕೆ ಹೇಳಲಿಲ್ಲ?”

“ಬೈತೀರ ಅಂತ.”

“ಬೈತಿದ್ದೆ,” ಎಂದರು ಅವರು. “ಬೈದಿದ್ರೂ ಬೆರಳು ಉಳೀತಿತ್ತೇನೋ.”

ಮನೆಗೆ ಬಂದ ಮೇಲೆ ನರ್ಸಕ್ಕ ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ಬರುತ್ತಿದ್ದಳು. ಒಂದು ದಿನ ಕೇಳಿದಳು, “ಅಣ್ಣ, ಆಸ್ಪತ್ರೆಗೆ ಸೇರೋ ಮುಂಚೆ ದಿನಕ್ಕೆ ಏನೇನು ತಿಂತಿದ್ರಿ?”

“ಎರಡು ಹೊತ್ತು ಊಟ. ಬೆಳಿಗ್ಗೆ ಸೊಪ್ಪಿನ ರಸ. ಅಷ್ಟೇ.”

ಹೆಂಡತಿ ಒಲೆಯ ಕಡೆಯಿಂದಲೇ ಹೇಳಿದಳು, “ರಸ ಕುಡಿದ ಮೇಲೆ ಬಾಯಿ ಕಹಿ ಅಂತ ಒಂದು ಬನ್ನು. ಸಕ್ಕರೆ ಹಾಕಿದ ಟೀ ಆರೋ ಏಳೋ. ಕೇಕಿನ ಅಂಚು ಕತ್ತರಿಸಿದ್ದೆಲ್ಲ ಇವರ ಬಾಯಿಗೇ.”

“ಅದು ರುಚಿ ನೋಡೋದು ಕಣೇ. ನನ್ನ ಕೆಲಸ. ತಿಂದ ಲೆಕ್ಕಕ್ಕೆ ಬರಲ್ಲ.”

“ನಿಮ್ಮ ಲೆಕ್ಕಕ್ಕೆ ಬರಲ್ಲ ಅಣ್ಣ, ರಕ್ತದ ಲೆಕ್ಕಕ್ಕೆ ಬರುತ್ತೆ,” ಎಂದಳು ನರ್ಸಕ್ಕ.

ಮೂವರೂ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅಂದೇ.

“ಹಾಗಾದ್ರೆ ಮಾತ್ರೆ ದೊಡ್ಡದಾ, ಊಟ ದೊಡ್ಡದಾ? ಒಂದು ಹೇಳಿಬಿಡು,” ಎಂದು ಅವನು ಪಟ್ಟು ಹಿಡಿದ.

“ಎರಡು ಕಾಲಲ್ಲಿ ಯಾವ ಕಾಲು ಬೇಕು ಅಂತ ಕೇಳಿದ ಹಾಗಾಯ್ತು. ಊಟ, ನಡಿಗೆ ಸರಿ ಇದ್ರೆ ಎಷ್ಟೋ ಜನರಿಗೆ ಈ ಕಾಯಿಲೆ ಬರೋದೇ ತಡವಾಗುತ್ತೆ. ಬಂದ ಮೇಲೂ ಹತೋಟೀಲಿ ಇಡೋದಕ್ಕೆ ಅದು ಬೇಕೇ ಬೇಕು. ಆದರೆ ನಿಮ್ಮ ಸಕ್ಕರೆ ಇದ್ದ ಮಟ್ಟಕ್ಕೆ ಊಟ ಒಂದೇ ಸಾಲೋದಿಲ್ಲ. ಸಕ್ಕರೆ ಇಳಿದ್ರೆ ಡಾಕ್ಟರೇ ಮಾತ್ರೆ ಕಡಿಮೆ ಮಾಡ್ತಾರೆ. ನೀವಾಗಿ ಮಾಡಬೇಡಿ. ನಮ್ಮಲ್ಲೇ ಹಿಂದಿನ ಕಟ್ಟಡದಲ್ಲಿ ಆಹಾರದ ಸಲಹೆ ಕೊಡೋ ಕೋಣೆ ಇದೆ. ಬುಧವಾರ ಹೋಗಿ, ಇಬ್ಬರೂ.”

“ಇಷ್ಟು ವರ್ಷ ಯಾರೂ ಹೇಳಲೇ ಇಲ್ವಲ್ಲ.”

“ನಾವು ಹೇಳಲಿಲ್ಲ, ನೀವು ಕೇಳಲಿಲ್ಲ,” ಎಂದಳು ಅವಳು ಮೆಲ್ಲಗೆ.

ಬುಧವಾರ ಇಬ್ಬರೂ ಹೋದರು. ಟೀಗೆ ಸಕ್ಕರೆ ನಿಂತಿತು. ತಟ್ಟೆಯಲ್ಲಿ ಅರ್ಧಕ್ಕೆ ತರಕಾರಿ ಬಂತು. ಕೇಕಿನ ರುಚಿ ನೋಡುವ ಕೆಲಸ ಹೆಂಡತಿಯ ಪಾಲಾಯಿತು. ಅವಳೂ ಒಂದೇ ಚಮಚಕ್ಕೆ ನಿಲ್ಲಿಸುತ್ತಿದ್ದಳು, ಏಕೆಂದರೆ ಪರೀಕ್ಷೆ ಮಾಡಿಸಿದಾಗ ಅವಳ ಸಕ್ಕರೆಯೂ ಕಾಯಿಲೆಯ ಅಂಚಿಗೆ ಬಂದು ನಿಂತಿತ್ತು. ಗಾಯ ಪೂರ್ತಿ ಮಾಯ್ದ ಮೇಲೆ ಇಬ್ಬರೂ ಸಂಜೆ ಓಣಿ ಸುತ್ತತೊಡಗಿದರು. ಒಲೆಮನೆಗೆ ಈಗ ಮುಚ್ಚಿದ ಬೂಟು ಹಾಕದೆ ಅವನು ಕಾಲಿಡುವುದಿಲ್ಲ.

ಎಂಟು ತಿಂಗಳ ನಂತರ ಡಾಕ್ಟರಮ್ಮ ರಕ್ತದ ವರದಿ ನೋಡಿ ಎರಡು ಮಾತ್ರೆಗಳಲ್ಲಿ ಒಂದನ್ನು ಅರ್ಧಕ್ಕೆ ಇಳಿಸಿದರು.

“ಇನ್ನೊಂದು?” ಎಂದು ಅವನು ಕೇಳಿದ.

“ಅದು ಇರಲಿ. ಮೊದಲು ಬೂಟು ಬಿಚ್ಚಿ, ಪಾದ ನೋಡ್ತೀನಿ.”

ಅವನಿಗೆ ಪೂರ್ತಿ ನೆಮ್ಮದಿ ಬಂದಿದೆ ಎಂದು ಹೇಳುವಂತಿಲ್ಲ. ತಟ್ಟೆ ಸದ್ದಾದರೆ ಹೆಂಡತಿ ಇಂದಿಗೂ ಬೆಚ್ಚಿ ತಿರುಗುತ್ತಾಳೆ. ಹೋದ ಬೆರಳು ಬರುವುದಿಲ್ಲ. ಆದರೆ ಈಗ ಅವನು ಆಸ್ಪತ್ರೆಗೆ ಹೋಗುವಾಗ ಕೇಳಬೇಕಾದ್ದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗುತ್ತಾನೆ, ಎಲ್ಲಕ್ಕೂ ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ.

ಇದನ್ನು ಓದಿದ, ಕೇಳಿದ ನಿಮಗೂ ಇಷ್ಟೇ ಬೇಡಿಕೆ. ಡಾಕ್ಟರ ಮೇಲೆ ಸಿಟ್ಟಿದ್ದರೆ ಅವರ ಎದುರೇ ಹೇಳಿ, ಮಾತ್ರೆಯ ಮೇಲೆ ತೀರಿಸಿಕೊಳ್ಳಬೇಡಿ. “ನಾನು ಏನು ತಿನ್ನಬೇಕು, ಎಷ್ಟು ನಡೆಯಬೇಕು, ಈ ಮಾತ್ರೆ ಯಾಕೆ, ಯಾವಾಗ ಕಡಿಮೆ ಆಗಬಹುದು” ಎಂದು ಬಾಯಿಬಿಟ್ಟು ಕೇಳಿ. ಕೇಳಲು ಸಂಕೋಚವಾದರೆ ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಡಾಕ್ಟರು ಮರೆತರೆ ನೀವು ನೆನಪಿಸಿ. ಮೈ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.